ಅತ್ತೆ ಬಿಟ್ಟ ಬಸ್ಸು

ಕೇಳುಗರಿಗೆ ನಮಸ್ಕಾರ.

ನಮ್ಮ ಬಡಾವಣೆಯಿಂದ ಮೆಜೆಸ್ಟಿಕ್‌ಗೆ ಹೊರಟರೆ ಅತ್ತೆಯವರು ಎದುರಿಗೆ ಬಂದು ನಿಂತ ಎಸಿ ಬಸ್ಸು ಹತ್ತುವುದಿಲ್ಲ. ಕೈಯಾಡಿಸಿ ಮುಂದೆ ಕಳಿಸುತ್ತಾರೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸಾಮಾನ್ಯ ಬಸ್ಸಿನಲ್ಲಿ ಹೆಂಗಸರಿಗೆ ದುಡ್ಡಿಲ್ಲ, ಎಸಿ ಬಸ್ಸಿಗೆ ಮಾತ್ರ ಕೊಡಬೇಕು. "ನಲವತ್ತು ರೂಪಾಯಿ ಸುಮ್ನೆ ಯಾಕೆ?" ಅಂತ ಇಪ್ಪತ್ತು ನಿಮಿಷ ಕಾಯುತ್ತಾರೆ.

ನಾನು ಲೆಕ್ಕ ಹಾಕಿದೆ. 20 ನಿಮಿಷ ಉಳಿಸಲು 40 ರೂಪಾಯಿ, ಅಂದರೆ ಗಂಟೆಗೆ 120. ಅತ್ತೆಗೆ ತಮ್ಮ ಒಂದು ಗಂಟೆ ಅಷ್ಟು ಬಾಳುವುದಿಲ್ಲ ಅಂತಾಯಿತು! "ನಿಮ್ಮ ಸಮಯದ ಬೆಲೆ ಎಷ್ಟು?" ಅಂತ ಯಾರನ್ನಾದರೂ ಕೇಳಿ ನೋಡಿ, ನಕ್ಕು ಸುಮ್ಮನಾಗುತ್ತಾರೆ. ಯಾವ ಬಸ್ಸು ಬಿಟ್ಟರು, ಯಾವುದು ಹತ್ತಿದರು ಅಂತ ನೋಡಿದರೆ ಉತ್ತರ ಸಿಗುತ್ತದೆ.

ಈ ನೋಡುವ ಕೆಲಸವನ್ನೇ ಗಣಿತಕ್ಕೆ ಇಳಿಸಿದವರು ಅಮೆರಿಕದ ಅರ್ಥಶಾಸ್ತ್ರಜ್ಞ ಡೇನಿಯಲ್ ಮೆಕ್‌ಫ್ಯಾಡನ್. ಸ್ಯಾನ್‌ಫ್ರಾನ್ಸಿಸ್ಕೊ ಕೊಲ್ಲಿಯ ಸುತ್ತಮುತ್ತ 1972ರಲ್ಲಿ ಬಾರ್ಟ್ ಎಂಬ ಹೊಸ ರೈಲು ಶುರುವಾಯಿತು. ಕೆಲಸಕ್ಕೆ ಹೋಗುವವರಲ್ಲಿ ನೂರಕ್ಕೆ 15 ಜನ ಅದನ್ನೇ ಹತ್ತುತ್ತಾರೆ ಅಂತ ಸರ್ಕಾರಿ ಅಂದಾಜು. ಅಲ್ಲಿನ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿದ್ದ ಮೆಕ್‌ಫ್ಯಾಡನ್ ತಂಡ ರೈಲು ಬರುವ ಮೊದಲೇ ಜನರನ್ನು ಮಾತಾಡಿಸಿತ್ತು. ಈಗ ಕಾರೋ ಬಸ್ಸೋ, ಎಷ್ಟು ನಡೆಯುತ್ತೀರಿ, ಎಷ್ಟು ಕಾಯುತ್ತೀರಿ, ಎಷ್ಟು ಖರ್ಚು. ಅದರ ಮೇಲೆ ಅವರು ಹೇಳಿದ್ದು 6.3. ಕೊನೆಗೆ ರೈಲು ಹತ್ತಿದವರು ನೂರಕ್ಕೆ 6.2! 2000ದಲ್ಲಿ ಅವರಿಗೆ ನೊಬೆಲ್ ಬಂತು. ಆಗ ಅವರೇ ಒಪ್ಪಿಕೊಂಡರು, ಇದರಲ್ಲಿ ಅದೃಷ್ಟವೂ ಇತ್ತು ಅಂತ. ಜನ ಸ್ಟೇಷನ್ನಿಗೆ ನಡೆದೇ ಬರುತ್ತಾರೆ ಅಂತ ಜಾಸ್ತಿ ನಂಬಿದ್ದರಂತೆ, ಕಾರಿನಲ್ಲಿ ಬರುವವರನ್ನು ಕಡಿಮೆ ಎಣಿಸಿದ್ದರಂತೆ. ನಮ್ಮ ಫುಟ್‌ಪಾತ್‌ಗಳನ್ನು ಒಮ್ಮೆ ನೋಡಿದ್ದರೆ ಮೊದಲನೇ ತಪ್ಪು ಆಗುತ್ತಿರಲಿಲ್ಲ.

ಇನ್ನೊಂದು ವಿಷಯ. ಗಡಿಯಾರಕ್ಕೆ ಎಲ್ಲ ನಿಮಿಷವೂ ಒಂದೇ, ನಮಗಲ್ಲ. ಸೀಟು ಸಿಕ್ಕಿ ಕೂತ ಹತ್ತು ನಿಮಿಷ ಹೇಗೋ ಕಳೆಯುತ್ತದೆ. ಬಿಸಿಲಲ್ಲಿ ನಿಂತ ಹತ್ತು ನಿಮಿಷ ಮನೆಗೆ ಬಂದು ಹೇಳುವಾಗ ಅರ್ಧ ಗಂಟೆ ಆಗಿರುತ್ತದೆ, ಅಲ್ವಾ? ಅದಕ್ಕೇ ಸಾರಿಗೆ ಯೋಜನೆ ಮಾಡುವವರು ಕಾಯುವ, ನಡೆಯುವ ನಿಮಿಷವನ್ನು ಸುಮಾರು ಎರಡರಿಂದ ಗುಣಿಸುತ್ತಾರೆ.

2025ರ ಆಗಸ್ಟ್‌ನಲ್ಲಿ ಬೆಂಗಳೂರಿನ ಹಳದಿ ಮೆಟ್ರೊ ಆರ್‌ವಿ ರಸ್ತೆಯಿಂದ ಬೊಮ್ಮಸಂದ್ರಕ್ಕೆ ಓಡತೊಡಗಿತಲ್ಲ, ಆಗ ಇದ್ದದ್ದು ಮೂರೇ ರೈಲು, 25 ನಿಮಿಷಕ್ಕೊಂದು. ಹೊತ್ತು ನೋಡದೆ ಹೋದವರು ಸರಾಸರಿ ಹನ್ನೆರಡೂವರೆ ನಿಮಿಷ ನಿಲ್ಲಬೇಕು. ಎರಡರಿಂದ ಗುಣಿಸಿ, ರೈಲು ಹತ್ತುವ ಮೊದಲೇ 25 ನಿಮಿಷ ಪ್ರಯಾಣ ಮಾಡಿದ ಸುಸ್ತು. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಮಾಡುವ ನಮ್ಮ ಪಕ್ಕದ ಮನೆಯ ಹುಡುಗಿ ಆಗ ಸ್ಕೂಟರ್ ಬಿಡಲಿಲ್ಲ. "ಸ್ಕೂಟರ್ ನನ್ನನ್ನ ಕಾಯಿಸಲ್ಲ ಅಂಕಲ್" ಅಂದಳು. ಒಂದೊಂದೇ ರೈಲು ಸೇರಿ ಅಂತರ ಕಡಿಮೆಯಾದ ಮೇಲೆ ಮಳೆ ಬಂದ ದಿನ ಮೆಟ್ರೊ, ಉಳಿದ ದಿನ ಸ್ಕೂಟರ್.

ಈ ಎರಡರ ಗುಣಾಕಾರ ಕಲಿತ ಮೇಲೆ ಅತ್ತೆಯ ಲೆಕ್ಕ ಮತ್ತೆ ಮಾಡಿದೆ. ಅವರ 20 ನಿಮಿಷ 40 ಆಯಿತು, ಗಂಟೆಯ ಬೆಲೆ 60ಕ್ಕೆ ಇಳಿಯಿತು. ಅವರ ಮುಂದೆ ಒಪ್ಪಿಸಿದೆ. ಅವರಿಗೆ ಅರ್ಥವೇ ಆಗಲಿಲ್ಲ.

"ಕಾಯೋದಾ? ಯಾರು ಕಾಯ್ತಾರೆ? ಹೂ ಕಟ್ಟೋಳ ಹತ್ರ ಕೂತು ಮಾತಾಡ್ತಾ ಇರ್ತೀನಪ್ಪ. ಒಂದೊಂದ್ಸಲ ಬರೋ ಬಸ್ಸೂ ಬಿಡ್ತೀನಿ."