ಪೆನ್ಷನ್ ಮೇಲೆ ಅನುಮಾನ ಬಂದಾಗ

ಕೇಳುಗರೆ, ನಮಸ್ಕಾರ.

ಬೆಳಗಾವಿಗೆ ಮಿಲಿಟ್ರಿ ಹೊಸದಲ್ಲ. ಮರಾಠಾ ಲಘು ಪದಾತಿ ದಳದ ಕೇಂದ್ರ ಇರುವುದೇ ಇಲ್ಲಿ. ನಮ್ಮ ಎಷ್ಟೋ ಹಳ್ಳಿಗಳಲ್ಲಿ ಮಿಲಿಟ್ರಿಯವರ ಮನೆ ಎಲ್ಲಿ ಅಂತ ಕೇಳಿದರೆ, ‘ಯಾವ ಮಿಲಿಟ್ರಿಯವರು?’ ಅಂತ ಮರುಪ್ರಶ್ನೆ ಬರುತ್ತದೆ.

ಅಂಥ ಒಂದು ಮನೆಗೆ ಪೆನ್ಷನ್ ನಿಂತಿತು ಅನ್ನಿ. ಕಾರಣ ಗೊತ್ತಾಗುವ ಮೊದಲೇ ಚಹಾದಂಗಡಿಯಲ್ಲಿ ತೀರ್ಪು ಆಗಿರುತ್ತದೆ: ‘ಏನೋ ಸುಳ್ಳು ಕಾಗದ ಕೊಟ್ಟಿದ್ದನಂತೆ.’

ಬಹಳ ಸಲ ಕಾರಣ ಸಣ್ಣದು. ವರ್ಷಕ್ಕೊಮ್ಮೆ ಕೊಡಬೇಕಾದ ಜೀವಿತ ಪ್ರಮಾಣಪತ್ರ ಕೊಟ್ಟಿರುವುದಿಲ್ಲ. ಸೇನೆ ಬಿಡುವಾಗ ಕೊಟ್ಟ ಡಿಸ್ಚಾರ್ಜ್ ಬುಕ್ಕಿನಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು. ಈಗ ಲೆಕ್ಕವೆಲ್ಲ ‘ಸ್ಪರ್ಶ್’ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿದೆ. ಕಂಪ್ಯೂಟರಿಗೆ ‘ಬಸಪ್ಪ’ ಬೇರೆ, ‘ಬಸವಪ್ಪ’ ಬೇರೆ.

ಆದರೆ ಮೋಸವೇ ಇಲ್ಲ ಅನ್ನೋಕೂ ಆಗಲ್ಲ. ಅಪ್ಪ ತೀರಿಕೊಂಡ ಮೇಲೂ ಮಗ ಎಟಿಎಂ ಕಾರ್ಡಿನಲ್ಲಿ ಹಣ ತೆಗೆಯುತ್ತಲೇ ಇರುವುದುಂಟು. ದಡ್ಡತನ ನೋಡಿ, ಮರಣ ಪತ್ರ ಕೊಟ್ಟಿದ್ದರೆ ಅವ್ವನಿಗೆ ಕುಟುಂಬ ಪಿಂಚಣಿ ನೇರವಾಗಿ ಬರುತ್ತಿತ್ತಲ್ಲ!

ಅನುಮಾನ ಜಾಸ್ತಿ ಬರುವುದು ಅಂಗವೈಕಲ್ಯ ಪಿಂಚಣಿಯ ಮೇಲೆ. ಫಿರಂಗಿಯ ಪಕ್ಕ ವರ್ಷಗಟ್ಟಲೆ ನಿಂತವರ ಕಿವಿ ಮಂದವಾಗುತ್ತದೆ. ಮೆಡಿಕಲ್ ಬೋರ್ಡ್, ಅಂದರೆ ಸೇನೆಯ ವೈದ್ಯರ ಮಂಡಳಿ, ಅದಕ್ಕೆ ಶೇಕಡಾ ಲೆಕ್ಕ ಹಾಕುತ್ತದೆ. 20ಕ್ಕಿಂತ ಕಡಿಮೆ ಬಂದರೆ ಸಾಮಾನ್ಯವಾಗಿ ಏನೂ ಇಲ್ಲ. 2014ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿದ ಲೆಕ್ಕದಲ್ಲಿ 20 ಬಂದರೆ ಅದನ್ನು 50 ಅಂತ ಹಿಡಿಯುತ್ತಿದ್ದರು. 19ಕ್ಕೂ 20ಕ್ಕೂ ನಡುವೆ ಎಷ್ಟು ದೊಡ್ಡ ಕಂದಕ ಅಂತ ನೀವೇ ಯೋಚಿಸಿ. ಆ ಒಂದು ಅಂಕೆಗಾಗಿ ಕೆಲವರು ನಾಟಕ ಆಡುತ್ತಾರೆ. ನಿಜವಾಗಿ ಕಿವಿ ಕೇಳದವನನ್ನೂ ಆಮೇಲೆ ಅದೇ ಕಣ್ಣಿನಲ್ಲಿ ನೋಡುತ್ತಾರೆ. 2023ರ ಸೆಪ್ಟೆಂಬರಿನಲ್ಲಿ ಹೊಸ ನಿಯಮ ಬಂತು. ಅದಾದ ಮೇಲೆ ನಿವೃತ್ತರಾದವರ ಲೆಕ್ಕ ಬೇರೆ.

ಒಂದು ತೀರ್ಪು ನೆನಪಿಡಿ. ಸುಪ್ರೀಂ ಕೋರ್ಟಿನ ಧರಂವೀರ್ ಸಿಂಗ್ ಪ್ರಕರಣ, 2013. ಸೇನೆಗೆ ಸೇರುವಾಗ ಆರೋಗ್ಯವಾಗಿದ್ದ, ಯಾವ ಕಾಯಿಲೆಯನ್ನೂ ಬರೆದುಕೊಂಡಿರಲಿಲ್ಲ ಅಂದರೆ, ಆಮೇಲೆ ಬಂದದ್ದು ಸೇವೆಯಿಂದಲೇ ಬಂತು ಅಂತ ಹಿಡಿಯಬೇಕು. ಅಲ್ಲ ಅನ್ನುವವರು ಕಾರಣ ಬರೆದು ತೋರಿಸಬೇಕು.

ನನಗೆ ಜಾಸ್ತಿ ಬೇಸರ ತರುವುದು ಇನ್ನೊಂದು ವಿಷಯ. ‘ನಿಮ್ಮ ಪಿಂಚಣಿಯನ್ನು ಯಾಕೆ ನಿಲ್ಲಿಸಬಾರದು?’ ಅಂತ ನೋಟಿಸ್ ಬಂದರೆ ಆ ಮನುಷ್ಯ ಅದನ್ನು ಮಡಚಿ, ಹಸಿರು ಬಣ್ಣದ ಟ್ರಂಕಿನ ತಳಕ್ಕೆ ಸೇರಿಸುತ್ತಾನೆ. ಹೆಂಡತಿಗೂ ಹೇಳಲ್ಲ. ಗಡಿಯಲ್ಲಿ ನಿಂತು ಬಂದವನಿಗೆ ‘ಕಳ್ಳ’ ಅನ್ನಿಸಿಕೊಳ್ಳುವ ನಾಚಿಕೆ. ಉತ್ತರ ಹೋಗದಿದ್ದರೆ ಕಚೇರಿಯವರು ತಿಳಿಯುವುದು ಒಂದೇ, ಇವನ ಹತ್ತಿರ ಹೇಳಲು ಏನೂ ಇಲ್ಲ ಅಂತ.

ಆದ್ದರಿಂದ ನೋಟಿಸ್ ಬಂದ ದಿನವೇ ತಾರೀಖು ಬರೆದಿಡಿ. ಉತ್ತರ ಬರೆಯಿರಿ, ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಪಿಪಿಓ (ಪಿಂಚಣಿ ಪಾವತಿ ಆದೇಶ), ಡಿಸ್ಚಾರ್ಜ್ ಬುಕ್, ಮೆಡಿಕಲ್ ಬೋರ್ಡಿನ ಕಾಗದಗಳ ನಕಲು ಜೊತೆಗಿರಲಿ. ಬರೆಯೋಕೆ ಬರದಿದ್ದರೆ ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಗೆ ಹೋಗಿ ಸಹಾಯ ಕೇಳಿ. ‘ಇಷ್ಟು ಕೊಡಿ, ನಾನು ಸರಿ ಮಾಡಿಸ್ತೀನಿ’ ಅನ್ನುವ ಏಜೆಂಟರ ಕೈಗೆ ಮಾತ್ರ ಬೀಳಬೇಡಿ. ಫೋನಿನಲ್ಲಿ ಯಾರೇ ಕೇಳಲಿ, ಓಟಿಪಿ ಹೇಳಬೇಡಿ.

ಹೆಚ್ಚಿಗೆ ಕೊಟ್ಟ ಹಣ ವಾಪಸ್ ಕೇಳಿದರೆ? ತಪ್ಪು ಕಚೇರಿಯದಾಗಿದ್ದರೆ, ನಿವೃತ್ತರಿಂದ ವಸೂಲಿ ಮಾಡಬಾರದು ಅಂತ ಸುಪ್ರೀಂ ಕೋರ್ಟ್ 2014ರಲ್ಲಿ ರಫೀಕ್ ಮಸೀಹ್ ಪ್ರಕರಣದಲ್ಲಿ ಹೇಳಿದೆ. ಸುಳ್ಳು ಹೇಳಿ ಪಡೆದವರಿಗೆ ಈ ರಕ್ಷಣೆ ಸಿಗುವುದಿಲ್ಲ.

ಕೊನೆಯ ಆದೇಶವೂ ನಿಮ್ಮ ವಿರುದ್ಧ ಬಂದರೆ ಕರ್ನಾಟಕದವರಿಗೆ ಕೊಚ್ಚಿಯಲ್ಲಿ ಸಶಸ್ತ್ರ ಪಡೆಗಳ ನ್ಯಾಯಮಂಡಳಿಯ ಪೀಠ ಇದೆ. ಆದೇಶ ಬಂದ 6 ತಿಂಗಳೊಳಗೆ ಅರ್ಜಿ ಹಾಕಬೇಕು. ತಡವಾಗಿದ್ದರೆ ಯಾಕೆ ತಡವಾಯಿತು ಅಂತ ಕಾರಣ ಬರೆದು ಮನ್ನಿಸಲು ಕೇಳಬಹುದು. ಟ್ರಂಕಿನಲ್ಲಿ ಇಟ್ಟಿದ್ದೆ ಅನ್ನುವುದನ್ನು ಅವರು ಒಪ್ಪುವುದು ಕಷ್ಟ.

ನಮಸ್ಕಾರ.