‘ಕಮಿಷನ್ ಸೊನ್ನೆ’ ಅಂದವರಿಗೆ ಲಾಭ ಎಲ್ಲಿಂದ? ಪ್ರಾಗ್‌ನಲ್ಲಿ ಎಂಟು ತಿಂಗಳ ದುಡ್ಡು, ಊಟದ ಲೆಕ್ಕ

ನಮಸ್ಕಾರ, ತುಮಕೂರಿನಿಂದ ಮಾತಾಡುತ್ತಿದ್ದೇನೆ. ಈ ವಾರದ ಪ್ರಶ್ನೆ ಗೌರಿಬಿದನೂರಿನ ವೀಕ್ಷಕರೊಬ್ಬರದ್ದು. ಹಾಗೇ ಓದುತ್ತೇನೆ, ಕೇಳಿ.

(ತೆರೆಯ ಮೇಲೆ ಮೆಸೇಜ್)

“ಅಣ್ಣಾ, ಪ್ರಾಜೆಕ್ಟ್ ಮೇಲೆ ಕಂಪನಿಯವರು ನನ್ನನ್ನು ಎಂಟು ತಿಂಗಳು ಪ್ರಾಗ್‌ಗೆ ಕಳಿಸ್ತಿದ್ದಾರೆ. ಅಲ್ಲಿ ದುಡ್ಡು ಬದಲಾಯಿಸೋ ಅಂಗಡಿ ಮುಂದೆ ‘ಕಮಿಷನ್ ಸೊನ್ನೆ’ ಅಂತ ಬೋರ್ಡ್ ಹಾಕಿರ್ತಾರಂತೆ. ಕಮಿಷನ್ನೇ ಇಲ್ಲ ಅಂದ್ರೆ ಅಂಗಡಿ ಬಾಡಿಗೆ ಹೇಗೆ ಕಟ್ತಾರೆ? ಇನ್ನೊಂದು, ನಾನು ಮಾಂಸ ತಿನ್ನಲ್ಲ. ಊಟಕ್ಕೆ ಏನು ಮಾಡ್ಲಿ?”

ಬಾಡಿಗೆ ಹೇಗೆ ಕಟ್ತಾರೆ ಅನ್ನುವ ಪ್ರಶ್ನೆ ನನಗೆ ತುಂಬಾ ಹಿಡಿಸಿತು. ಅದರ ಹಿಂದೆ ಹೋದರೆ ಉಳಿದದ್ದೆಲ್ಲ ತಾನಾಗೇ ಬಿಚ್ಚಿಕೊಳ್ಳುತ್ತದೆ.

ಮೊದಲು ಗೊತ್ತಿರಲೇಬೇಕಾದ ನಾಲ್ಕು ಮಾತು, ಬೇಗ ಬೇಗ. ಪ್ರಾಗ್ ಚೆಕ್ ದೇಶದ ರಾಜಧಾನಿ. ಆ ದೇಶ 2004ರಲ್ಲೇ ಯುರೋಪಿಯನ್ ಒಕ್ಕೂಟ ಸೇರಿದೆ, ಆದರೆ ಅಲ್ಲಿ ಯೂರೋ ಚಲಾವಣೆಯಲ್ಲಿಲ್ಲ. ಅವರ ದುಡ್ಡು ಕೊರುನಾ. ಒಂದು ಕೊರುನಾ ಅಂದರೆ ಸುಮಾರು ನಾಲ್ಕು ರೂಪಾಯಿ, ಒಂಚೂರು ಹೆಚ್ಚು ಕಡಿಮೆ. ಇಲ್ಲಿ ಟೀ ಅಂಗಡಿಯಲ್ಲೂ ಸ್ಕ್ಯಾನ್ ಮಾಡಿ ದುಡ್ಡು ಹಾಕುವ ಅಭ್ಯಾಸ ನಮಗೆ. ಅಲ್ಲಿ ಯುಪಿಐ ನಂಬಿಕೊಂಡು ಇಳಿಯಬೇಡಿ. ಕಾರ್ಡು ಮತ್ತು ನೋಟು, ಎರಡೂ ಜೊತೆಗಿರಲಿ.

ಇಲ್ಲಿಂದ ಹೊರಡುವಾಗ ಬಹುತೇಕ ದೇಶಗಳಿಗೆ ನೋಟಿನ ರೂಪದಲ್ಲಿ ಒಂದು ಪ್ರಯಾಣಕ್ಕೆ 3000 ಡಾಲರ್ ಮೌಲ್ಯದವರೆಗೆ ಒಯ್ಯಬಹುದು. ಉಳಿದದ್ದು ಫಾರೆಕ್ಸ್ ಕಾರ್ಡ್‌ನಂಥದ್ದರಲ್ಲಿ, ಅಂದರೆ ಮೊದಲೇ ವಿದೇಶಿ ಹಣ ತುಂಬಿಸಿದ ಕಾರ್ಡಿನಲ್ಲಿರಬೇಕು. 50,000 ರೂಪಾಯಿಗಿಂತ ಜಾಸ್ತಿಯ ವಿದೇಶಿ ಹಣ ಕೊಳ್ಳುವಾಗ ನಗದು ಕೊಡುವಂತಿಲ್ಲ, ಬ್ಯಾಂಕ್ ಖಾತೆಯಿಂದಲೇ ಹೋಗಬೇಕು. ನಮ್ಮ ಕಡೆ ಕೊರುನಾ ನೋಟು ಸಿಗುವುದು ಕಷ್ಟ, ಸಿಕ್ಕರೂ ರೇಟು ಚೆನ್ನಾಗಿರುವುದಿಲ್ಲ. ಯೂರೋ ತಗೊಂಡು ಹೋಗಿ, ಅಲ್ಲಿ ಕೊರುನಾ ಮಾಡಿಸಿಕೊಳ್ಳಿ.

ಈಗ ಆ ಬೋರ್ಡಿಗೆ ಬರೋಣ.

(ತೆರೆಯ ಮೇಲೆ: ವಿನಿಮಯ ಅಂಗಡಿಯ ಬೋರ್ಡಿನ ಚಿತ್ರ)

ಇಲ್ಲಿ ನೋಡಿ, ಒಂದು ಸಾಲಿಗೆ ಎರಡು ಸಂಖ್ಯೆ. ಒಂದು ‘ನಾವು ಕೊಳ್ಳುವ ರೇಟು’, ಇನ್ನೊಂದು ‘ನಾವು ಮಾರುವ ರೇಟು’. ಹೊಸಬರ ಕಣ್ಣು ದೊಡ್ಡ ಸಂಖ್ಯೆಗೆ ಹೋಗುತ್ತದೆ. ಅದು ಅವರು ಮಾರುವ ರೇಟು. ನಿಮಗೆ ಸಂಬಂಧವೇ ಇಲ್ಲದ್ದು!

ಕೋಲಾರದ ಎಪಿಎಂಸಿ ಟೊಮೆಟೊ ಮಂಡಿ ನೆನಪಿಸಿಕೊಳ್ಳಿ. ಏಷ್ಯಾದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲಿ ಅದೂ ಒಂದು. ರೈತ ಹದಿನೈದು ಕೆಜಿ ಬಾಕ್ಸುಗಳನ್ನು ಇಳಿಸುತ್ತಾನೆ, ಹರಾಜು ಆಗುತ್ತದೆ, ಒಂದು ರೇಟಿಗೆ ವ್ಯಾಪಾರಿ ಎತ್ತುತ್ತಾನೆ. ಅದೇ ಟೊಮೆಟೊ ಊರೊಳಗಿನ ಅಂಗಡಿಗೆ ಬರುವ ಹೊತ್ತಿಗೆ ರೇಟು ಬೇರೆ. ಆ ವಿನಿಮಯ ಅಂಗಡಿಯ ಮುಂದೆ ನೀವು ಗಿರಾಕಿ ಅಲ್ಲ, ರೈತ. ನಿಮ್ಮ ಕೈಯಲ್ಲಿರುವ ಯೂರೋನೇ ಟೊಮೆಟೊ, ಎದುರಿಗೆ ಕೂತವನು ಅದನ್ನು ಕೊಳ್ಳುತ್ತಿದ್ದಾನೆ. ಹಾಗಾಗಿ ನೀವು ನೋಡಬೇಕಾದ್ದು ಅವನು ಕೊಳ್ಳುವ ರೇಟು. ಇನ್ನು ಕಮಿಷನ್ ವಿಚಾರ. ಮಂಡಿಯಲ್ಲಿ ಒಬ್ಬ “ನನಗೆ ಕಮಿಷನ್ ಬೇಡಪ್ಪ” ಅಂದು, ಬಾಕ್ಸಿನ ಮೇಲೆ ನೂರು ರೂಪಾಯಿ ಕಡಿಮೆ ಕೊಟ್ಟ ಅನ್ನಿ. ಕಮಿಷನ್ ಉಳಿಯಿತು ಅಂತ ಯಾವ ರೈತನಾದರೂ ಖುಷಿಪಡುತ್ತಾನಾ? ನಮ್ಮ ಜಿಲ್ಲೆಗಳಲ್ಲಿ ಟೊಮೆಟೊ ಬೆಳೆದವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಬಾಡಿಗೆ, ಸಂಬಳ, ಲಾಭ ಎಲ್ಲಾ ಆ ಎರಡು ಸಂಖ್ಯೆಗಳ ನಡುವಿನ ಅಂತರದಿಂದಲೇ ಬರುತ್ತದೆ.

ಲೆಕ್ಕ ಹಾಕಿ ನೋಡೋಣ. ಒಂದು ಯೂರೋಗೆ ಮಾರುಕಟ್ಟೆಯಲ್ಲಿ 25 ಕೊರುನಾ ಇದೆ ಅಂತಿಟ್ಟುಕೊಳ್ಳಿ. ಒಳ್ಳೆ ಅಂಗಡಿಯವನು 24.80 ಕೊಡುತ್ತಾನೆ. ಪ್ರವಾಸಿಗರು ಕಿಕ್ಕಿರಿದ ಬೀದಿಯಲ್ಲಿ ಇನ್ನೊಬ್ಬ 20 ಕೊಡುತ್ತಾನೆ. ನೂರು ಯೂರೋ ಕೊಟ್ಟರೆ ಒಬ್ಬನಿಂದ 2480, ಇನ್ನೊಬ್ಬನಿಂದ 2000. ಇಬ್ಬರ ಬೋರ್ಡಿನ ಮೇಲೂ ಕಮಿಷನ್ ಸೊನ್ನೆ, ಇಬ್ಬರೂ ಸುಳ್ಳು ಹೇಳಿಲ್ಲ. ಆದರೂ 480 ಕೊರುನಾ, ಅಂದರೆ ಹತ್ತಿರ ಹತ್ತಿರ ಎರಡು ಸಾವಿರ ರೂಪಾಯಿ ವ್ಯತ್ಯಾಸ. ಆದ್ದರಿಂದ ಕೌಂಟರಿನಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: “ನೂರು ಯೂರೋ ಕೊಟ್ಟರೆ ನನ್ನ ಕೈಗೆ ಎಷ್ಟು ಕೊರುನಾ ಬರುತ್ತದೆ?” ಅವರು ಅದನ್ನು ಕಾಗದದ ಮೇಲೆ ಬರೆದು ತೋರಿಸಲಿ, ಆಮೇಲೆ ನೋಟು ಕೊಡಿ. ಆ ದಿನದ ಸರಿಯಾದ ರೇಟು ತಿಳಿಯಬೇಕಾ? ಚೆಕ್ ನ್ಯಾಷನಲ್ ಬ್ಯಾಂಕ್ ಪ್ರತಿ ಕೆಲಸದ ದಿನ ಮಧ್ಯಾಹ್ನ ಎರಡೂವರೆ ನಂತರ ತನ್ನ ವೆಬ್‌ಸೈಟಿನಲ್ಲಿ ಹಾಕುತ್ತದೆ. ಫೋನಿನಲ್ಲಿ ನೋಡಿಕೊಂಡೇ ಅಂಗಡಿಗೆ ಹೋಗಿ.

ಇಡೀ ವಿಷಯದಲ್ಲಿ ನನಗೆ ಅತಿ ಇಷ್ಟವಾದದ್ದು ಈಗ ಹೇಳುವ ಮಾತು. ಪ್ರಾಗ್‌ನಲ್ಲಿ ಇಂಥ ರೇಟಿಗೆ ಸಿಕ್ಕಿಬಿದ್ದವರು ಎಷ್ಟು ಜನ ಇದ್ದರೆಂದರೆ, ಕೊನೆಗೆ ಕಾನೂನನ್ನೇ ತಿದ್ದಿದರು. 2019ರ ಏಪ್ರಿಲ್ 1ರಿಂದ ಚೆಕ್ ದೇಶದಲ್ಲಿ ಒಂದು ಹಕ್ಕಿದೆ. ವಿನಿಮಯ ಅಂಗಡಿಯಲ್ಲಿ ದುಡ್ಡು ಬದಲಾಯಿಸಿದ ಮೂರು ಗಂಟೆಯೊಳಗೆ ವಾಪಸ್ ಹೋಗಿ, “ನನಗೆ ಈ ವಹಿವಾಟು ಬೇಡ” ಅನ್ನಬಹುದು. ಕಾರಣ ಹೇಳಬೇಕಿಲ್ಲ. ಅವರ ಕೊರುನಾ ಅವರಿಗೆ, ನಿಮ್ಮ ಯೂರೋ ನಿಮಗೆ. 1000 ಯೂರೋ ಮೌಲ್ಯದವರೆಗಿನ ವಹಿವಾಟಿಗೆ ಇದು ನಡೆಯುತ್ತದೆ. ಸಾಮಾನ್ಯವಾಗಿ ದುಡ್ಡಿನ ಕೌಂಟರಿನಲ್ಲಿ “ಎಣಿಸಿಕೊಂಡು ಹೋಗಿ, ಆಮೇಲೆ ನಾವು ಜವಾಬ್ದಾರರಲ್ಲ” ಅಂತ ಬರೆದಿರುತ್ತಾರೆ, ಅಲ್ವಾ? ಇಲ್ಲಿ ಕಾನೂನು ಗಿರಾಕಿಯ ಕೈಗೆ ಮೂರು ಗಂಟೆ ಕೊಟ್ಟಿದೆ. ಊರು ಗೊತ್ತಿಲ್ಲದ, ಭಾಷೆ ಬಾರದ ಹೊರಗಿನವರ ಪರವಾಗಿ ಒಂದು ದೇಶ ಹೀಗೆ ನಿಂತದ್ದು ನನಗೆ ದೊಡ್ಡ ವಿಷಯ ಅನ್ನಿಸುತ್ತದೆ. ಹಾಗಾಗಿ ರಸೀದಿಯನ್ನು ಅಲ್ಲೇ ಬಿಸಾಕಬೇಡಿ. ಅದರ ಮೇಲಿನ ಸಮಯ ನೋಡಿಕೊಂಡು ಜೇಬಿನಲ್ಲಿಡಿ.

ಈ ಹಕ್ಕು ಅಂಗಡಿಯಲ್ಲಿ ಬದಲಾಯಿಸಿದ ದುಡ್ಡಿಗೆ ಮಾತ್ರ. ಬೀದಿಯಲ್ಲಿ ಹತ್ತಿರ ಬಂದು “ಒಳ್ಳೆ ರೇಟು ಕೊಡ್ತೀನಿ” ಅನ್ನುವವರ ಜೊತೆ ಮಾತೇ ಬೇಡ. ಕೊರುನಾ ಬದಲು ಹಂಗೇರಿಯ ಫೋರಿಂಟ್, ಇಲ್ಲವೇ ಬೆಲಾರೂಸ್ ದೇಶದ ಹಳೇ ರೂಬಲ್ ಕೈಗಿಡುತ್ತಾರೆ. ಆ ಹಳೇ ರೂಬಲ್ 2016ರಲ್ಲೇ ಬದಲಾಗಿದೆ. ನೋಟು ಚೆನ್ನಾಗೇ ಕಾಣುತ್ತದೆ, ಬೆಲೆ ಮಾತ್ರ ಇಲ್ಲ.

ಕಾರ್ಡಿನಲ್ಲೂ ಇದೇ ಆಟ ಇದೆ. ಎಟಿಎಂ ಅಥವಾ ಹೋಟೆಲಿನ ಮಷೀನು ಕೇಳುತ್ತದೆ: “ರೂಪಾಯಿಯಲ್ಲಿ ಕಡಿತ ಮಾಡಲೇ, ಕೊರುನಾದಲ್ಲೇ?” ನಮ್ಮ ರೂಪಾಯಿ ಕಂಡ ತಕ್ಷಣ ಬೆರಳು ಅತ್ತಲೇ ಹೋಗುತ್ತದೆ. ಬೇಡ. ರೂಪಾಯಿ ಒತ್ತಿದರೆ ಮಷೀನಿನವರು ತಾವೇ ಇಟ್ಟ ರೇಟಿನಲ್ಲಿ ಬದಲಾಯಿಸುತ್ತಾರೆ, ಅವರ ಲಾಭ ಅದರಲ್ಲೇ ಸೇರಿರುತ್ತದೆ. ಕೊರುನಾ ಒತ್ತಿದರೆ ಕಾರ್ಡ್ ಕಂಪನಿಯ ರೇಟು, ಅದರ ಮೇಲೆ ನಿಮ್ಮ ಬ್ಯಾಂಕಿನ ಶುಲ್ಕ. ಸಾಮಾನ್ಯವಾಗಿ ಅದೇ ಅಗ್ಗ. ಆ ಶುಲ್ಕ ಎಷ್ಟು ಅಂತ ಹೊರಡುವ ಮುಂಚೆಯೇ ಬ್ಯಾಂಕಿನಲ್ಲಿ ಕೇಳಿಕೊಳ್ಳಿ. ಎಟಿಎಂ ಕೂಡ ಬ್ಯಾಂಕಿನ ಗೋಡೆಯಲ್ಲಿರುವುದನ್ನೇ ಹುಡುಕಿ.

ಇನ್ನು ಊಟ.

ಪ್ರಾಗ್‌ನಲ್ಲಿ ದಿನಾ ಹೊರಗೆ ತಿನ್ನುವವರು ರಾತ್ರಿಯ ಮೆನು ನೋಡಿ ಗಾಬರಿಯಾಗಬೇಡಿ. ಮಧ್ಯಾಹ್ನದ ಮೆನು ನೋಡಿ. ಅದಕ್ಕೆ ಅಲ್ಲಿ ‘ದೆನ್ನಿ ಮೆನು’ ಅನ್ನುತ್ತಾರೆ. ಸೋಮವಾರದಿಂದ ಶುಕ್ರವಾರ, ಸುಮಾರು ಹನ್ನೊಂದರಿಂದ ಎರಡು ಗಂಟೆವರೆಗೆ. ಬಾಗಿಲ ಪಕ್ಕ ಕಪ್ಪು ಹಲಗೆ, ಅದರ ಮೇಲೆ ಸೀಮೆಸುಣ್ಣದಲ್ಲಿ ಒಂದು ಸೂಪು, ಮೂರು ನಾಲ್ಕು ಊಟ, ಪಕ್ಕದಲ್ಲಿ ಬೆಲೆ. ಪ್ರವಾಸಿಗರ ಬೀದಿ ಬಿಟ್ಟು ಆಫೀಸುಗಳಿರುವ ಕಡೆ ಹೋದರೆ, ಅದೇ ಅಡುಗೆಮನೆಯ ಊಟ ರಾತ್ರಿಗಿಂತ ಎಷ್ಟೋ ಕಡಿಮೆಗೆ. ಅಲ್ಲಿ ತುಂಬಾ ಕಂಪನಿಗಳು ನೌಕರರಿಗೆ ಊಟದ ಕೂಪನ್ ಅಥವಾ ಊಟದ ಭತ್ಯೆ ಕೊಡುತ್ತವೆ. ಮಧ್ಯಾಹ್ನ ಆಫೀಸಿನಿಂದ ಎದ್ದು ಹೋಗಿ ಬಿಸಿ ಊಟ ಮಾಡುವುದು ಅಲ್ಲಿನವರ ದಿನಚರಿ. ನಿಮ್ಮ ಕಂಪನಿಯ ಎಚ್‌ಆರ್ ಹತ್ತಿರ ಈ ಭತ್ಯೆ ನಿಮಗೂ ಸಿಗುತ್ತದಾ ಅಂತ ನಾಚಿಕೆಯಿಲ್ಲದೆ ಕೇಳಿ.

ಮಾಂಸ ತಿನ್ನದವರಿಗೆ ನಿಜವಾಗಿಯೂ ಸಹಾಯ ಮಾಡುವುದು ಊಟದ ಹೆಸರಿನ ಪಕ್ಕದ ಸಣ್ಣ ಸಂಖ್ಯೆಗಳು.

(ತೆರೆಯ ಮೇಲೆ: ಮೆನು ಹಾಳೆ, 1, 3, 7 ದೊಡ್ಡದಾಗಿ)

ಇದು ಬೆಲೆ ಅಲ್ಲ, ಖಾರದ ಮಟ್ಟವೂ ಅಲ್ಲ. 2014ರ ಡಿಸೆಂಬರ್‌ನಿಂದ ಯುರೋಪಿಯನ್ ಒಕ್ಕೂಟದಲ್ಲಿ ಹೋಟೆಲಿನವರೂ ಅಲರ್ಜಿ ತರುವ ಹದಿನಾಲ್ಕು ಪದಾರ್ಥಗಳ ಮಾಹಿತಿ ಕೊಡಲೇಬೇಕು. ಚೆಕ್ ಹೋಟೆಲುಗಳಲ್ಲಿ ಅದನ್ನು ಸಂಖ್ಯೆಯಲ್ಲಿ ಬರೆಯುತ್ತಾರೆ. 1 ಅಂದರೆ ಗೋಧಿಯಂಥ ಧಾನ್ಯ. 3 ಮೊಟ್ಟೆ. 4 ಮೀನು. 7 ಹಾಲು. 2 ಸೀಗಡಿ, ಏಡಿಯ ಜಾತಿ. ಅಲರ್ಜಿ ಇರುವವರಿಗೆ ಮಾಡಿದ ವ್ಯವಸ್ಥೆ ಇದು. ಮೊಟ್ಟೆ ತಿನ್ನದ ನಮ್ಮ ಕಡೆಯವರಿಗೆ ಭಾಷೆ ಬಾರದೆಯೂ ಓದಬಹುದಾದ ದಾರಿಯಾಯಿತು. ಮೂರು ಕಂಡರೆ ಮೊಟ್ಟೆ ಇದೆ, ಮುಂದಕ್ಕೆ ಹೋಗಿ.

ಆದರೆ ಎಚ್ಚರ. ಮಾಂಸಕ್ಕೆ ಈ ಪಟ್ಟಿಯಲ್ಲಿ ಸಂಖ್ಯೆ ಇಲ್ಲ. ಕೋಳಿ, ಹಂದಿ, ದನದ ಮಾಂಸ ಈ ಹದಿನಾಲ್ಕರಲ್ಲಿ ಬರುವುದಿಲ್ಲ. ತರಕಾರಿ ಸೂಪು ಅಂತ ಬರೆದಿದ್ದರೂ ಅದನ್ನು ಮೂಳೆ ಬೇಯಿಸಿದ ನೀರಿನಲ್ಲಿ ಮಾಡಿರಬಹುದು. ಆದ್ದರಿಂದ ಬಾಯಿಬಿಟ್ಟು ಕೇಳಲೇಬೇಕು: “ಬೆಜ್ ಮಸಾ?” ಮಾಂಸ ಇಲ್ಲದ್ದಾ ಅಂತ ಅರ್ಥ. ಸೂಪಿನ ನೀರು ಯಾವುದರದ್ದು ಅಂತಲೂ ಕೇಳಿ.

ತಿನ್ನಲು ಏನೇನಿದೆ? ‘ಸ್ಮಾಜೆನಿ ಸೀರ್’ ಅಂದರೆ ದಪ್ಪ ಚೀಸ್ ತುಂಡಿಗೆ ಬ್ರೆಡ್ ಪುಡಿ ಮೆತ್ತಿ ಕರಿದದ್ದು, ಜೊತೆಗೆ ಆಲೂಗಡ್ಡೆ. ಬ್ರೆಡ್ ಪುಡಿ ಅಂಟಲು ಮೊಟ್ಟೆ ಹಾಕುತ್ತಾರೆ, ಹಾಗಾಗಿ ಪಕ್ಕದಲ್ಲಿ 3 ಇರುತ್ತದೆ. ‘ಬ್ರಾಂಬೊರಾಕ್’ ತುರಿದ ಆಲೂಗಡ್ಡೆಗೆ ಬೆಳ್ಳುಳ್ಳಿ ಹಾಕಿ ಹೆಂಚಿನ ಮೇಲೆ ಎಣ್ಣೆಯಲ್ಲಿ ಬೇಯಿಸಿದ್ದು. ಅದರಲ್ಲೂ ಮೊಟ್ಟೆ ನೋಡಿಕೊಳ್ಳಿ. ಹುಳಿ ಹಾಕಿದ ಬೇಳೆಕಾಳು ಸಿಗುತ್ತದೆ, ‘ಚೊಚ್ಕಾ’ ಅಂತ. ಮೇಲೆ ಇಡುವ ಸಾಸೇಜು, ಮೊಟ್ಟೆ ಬೇಡ ಅಂತ ಮೊದಲೇ ಹೇಳಿಬಿಡಿ. ನನಗೆ ಆಶ್ಚರ್ಯ ಆದದ್ದು ಹಣ್ಣಿನ ‘ಕ್ನೆದ್ಲೀಕ್’. ಹಿಟ್ಟಿನ ಉಂಡೆಯೊಳಗೆ ಪ್ಲಮ್ ಅಥವಾ ಏಪ್ರಿಕಾಟ್ ತುಂಬಿ, ನೀರಿನಲ್ಲಿ ಬೇಯಿಸಿ, ಮೇಲೆ ಕರಗಿದ ಬೆಣ್ಣೆ, ಸಕ್ಕರೆ, ತುರಿದ ಮೊಸರುಗಿಣ್ಣು. ಇದು ಊಟದ ಕೊನೆಯ ಸಿಹಿ ಅಲ್ಲ. ಮಧ್ಯಾಹ್ನದ ಪಟ್ಟಿಯಲ್ಲಿ ಇದೇ ಒಂದು ಊಟ! ಚಮಚದಲ್ಲಿ ಕತ್ತರಿಸಿದರೆ ಹಣ್ಣಿನ ಬಿಸಿ ರಸ ಹರಿದು ಬೆಣ್ಣೆ ಜೊತೆ ಬೆರೆಯುತ್ತದೆ. ಒಮ್ಮೆ ತಿಂದು ನೋಡಿ.

ಟೈಮ್ ಆಗುತ್ತಾ ಬಂತು, ಉಳಿದದ್ದನ್ನು ಒಟ್ಟಿಗೆ ಹೇಳುತ್ತೇನೆ. ಕೂತ ತಕ್ಷಣ ಮೇಜಿನ ಮೇಲೆ ಬ್ರೆಡ್ ಬುಟ್ಟಿ ಇದ್ದರೆ ಅದು ಪುಕ್ಕಟೆ ಅಂದುಕೊಳ್ಳಬೇಡಿ, ತಿಂದಷ್ಟಕ್ಕೆ ಬಿಲ್ ಆಗಬಹುದು. ನೀರಿಗೂ ದುಡ್ಡು ತಗೊಳ್ಳುವುದು ಸಾಮಾನ್ಯ. ಬಿಯರ್ ಕುಡಿಯುವ ಜಾಗಗಳಲ್ಲಿ ಮೇಜಿನ ಮೇಲೆ ಒಂದು ಚೀಟಿ ಇಟ್ಟು, ಪ್ರತಿ ಗ್ಲಾಸಿಗೂ ಪೆನ್ನಿನಲ್ಲಿ ಒಂದೊಂದು ಗೀಟು ಎಳೆಯುತ್ತಾರೆ. ಕೊನೆಗೆ ಆ ಗೀಟು ಎಣಿಸಿಯೇ ಬಿಲ್, ಚೀಟಿ ಕಳೆಯಬೇಡಿ. ಟಿಪ್ಸ್ ಮೇಜಿನ ಮೇಲೆ ಬಿಟ್ಟು ಬರುವ ರೂಢಿ ಕಡಿಮೆ. ಬಿಲ್ 186 ಆದರೆ ದುಡ್ಡು ಕೊಡುವಾಗಲೇ “ಇನ್ನೂರು” ಅನ್ನಿ, ಅಷ್ಟೇ ತಗೊಳ್ಳುತ್ತಾರೆ. ಊಟ ಮೆಚ್ಚಿಗೆಯಾದರೆ ಹತ್ತು ಪರ್ಸೆಂಟ್ ಕೊಡಬಹುದು.

ಎಂಟು ತಿಂಗಳು ಅಂದರೆ ಅಡುಗೆ ಮಾಡಿಕೊಳ್ಳಲೇಬೇಕಾಗುತ್ತದೆ. ಪ್ರಾಗ್‌ನ ದಕ್ಷಿಣಕ್ಕೆ ‘ಸಾಪಾ’ ಅಂತ ವಿಯೆಟ್ನಾಂ ಜನರ ದೊಡ್ಡ ಮಾರುಕಟ್ಟೆ ಇದೆ. ಅಕ್ಕಿ, ಹಸಿಮೆಣಸಿನಕಾಯಿ, ಕೊತ್ತಂಬರಿ, ಶುಂಠಿ ಎಲ್ಲಾ ಸಿಗುತ್ತದೆ. ಬಡಾವಣೆಗಳಲ್ಲೂ ಅವರ ಸಣ್ಣ ದಿನಸಿ ಅಂಗಡಿಗಳಿವೆ, ಬೇರೆ ಅಂಗಡಿ ಮುಚ್ಚಿದ ಮೇಲೂ ತೆರೆದಿರುತ್ತವೆ. ಸಂಬಳ ಅಲ್ಲೇ ಕೊರುನಾದಲ್ಲಿ ಬರುವುದಾದರೆ ಮೊದಲ ತಿಂಗಳೇ ಅಲ್ಲಿನ ಬ್ಯಾಂಕಿನಲ್ಲಿ ಖಾತೆ ತೆಗೆಯಿರಿ. ವಿನಿಮಯದ ಅಂಗಡಿಗೆ ಹೋಗುವ ಅಗತ್ಯವೇ ಕಡಿಮೆಯಾಗುತ್ತದೆ. ಅದರ ಕಾಗದಪತ್ರಗಳ ಬಗ್ಗೆ ಮುಂದಿನ ವಿಡಿಯೋದಲ್ಲಿ.

ವಾಪಸ್ ಬರುವಾಗ ಉಳಿದ ನೋಟುಗಳ ವಿಚಾರ. ಭಾರತಕ್ಕೆ ಬಂದ 180 ದಿನದೊಳಗೆ ವಿದೇಶಿ ನೋಟನ್ನು ಬ್ಯಾಂಕಿಗೋ ಅಧಿಕೃತ ಡೀಲರಿಗೋ ಕೊಟ್ಟು ರೂಪಾಯಿ ಮಾಡಿಸಬೇಕು, 2000 ಡಾಲರ್ ಮೌಲ್ಯದವರೆಗೆ ಇಟ್ಟುಕೊಳ್ಳಬಹುದು. ಕೊರುನಾ ಇಲ್ಲಿ ಕೊಳ್ಳುವವರು ಕಡಿಮೆ, ಅದನ್ನು ಅಲ್ಲೇ ಯೂರೋ ಮಾಡಿಸಿಕೊಳ್ಳಿ. ನಾಣ್ಯಗಳನ್ನಂತೂ ಇಲ್ಲಿ ಯಾರೂ ಮುಟ್ಟುವುದಿಲ್ಲ. 50 ಕೊರುನಾ ನಾಣ್ಯ ಒಂದೇ ಸುಮಾರು ಇನ್ನೂರು ರೂಪಾಯಿ ಆಯಿತು. ಕೊನೆಯ ವಾರ ದಿನಸಿ ತರುವಾಗ ಮೊದಲು ಆ ನಾಣ್ಯಗಳನ್ನೇ ಖರ್ಚು ಮಾಡಿ ಮುಗಿಸಿ.