ಈ ಚಳಿಗಾಲ ಹಿಮವೋ ಮಳೆಯೋ: ಪುಣೆಯಲ್ಲಿ ಕೂತು ಹಿಮಾಲಯದ ಲೆಕ್ಕ

ಬಂಧುಗಳೆ, ನಮಸ್ಕಾರ.

ದೀಪಾವಳಿ ಹತ್ತಿರವಾದಂತೆ ಪುಣೆಯ ಕನ್ನಡಿಗರ ಮನೆಗಳಲ್ಲಿ ಎರಡು ಪ್ರಶ್ನೆ ಏಳುತ್ತವೆ. ಡಿಸೆಂಬರ್ ರಜೆಗೆ ಮನಾಲಿಗೋ ಗುಲ್ಮಾರ್ಗಿಗೋ ಹೋದರೆ ಹಿಮ ಸಿಕ್ಕೀತೆ, ಇಲ್ಲ ಮಳೆಯಲ್ಲಿ ನೆನೆದು ಬರಬೇಕಾದೀತೆ ಎಂಬುದು ಒಂದು. ವಿಜಯಪುರ, ಸಾಂಗ್ಲಿ ಕಡೆ ದ್ರಾಕ್ಷಿ ತೋಟ ಇರುವವರದು ಇನ್ನೊಂದು: ಈ ಸಲವೂ ಅವಕಾಳಿ ಮಳೆ, ಅಂದರೆ ಕಾಲವಲ್ಲದ ಕಾಲದ ಮಳೆ, ಬಂದೀತೆ? ಎರಡರ ಹಿಂದೆಯೂ ಬಹಳ ಸಲ ಒಂದೇ ಕಾರಣ ಇರುತ್ತದೆ. ಮೆಡಿಟರೇನಿಯನ್ ಕಡೆಯಿಂದ ಇರಾನ್, ಅಫ್ಘಾನಿಸ್ತಾನ ದಾಟಿ ಜೆಟ್ ಸ್ಟ್ರೀಮ್ ಎಂಬ, ಬಹಳ ಎತ್ತರದಲ್ಲಿ ವೇಗವಾಗಿ ಬೀಸುವ ಗಾಳಿಯ ಹೊಳೆಯೊಂದಿಗೆ ಪೂರ್ವಕ್ಕೆ ಸಾಗಿ ಬರುವ ವಾಯುಭಾರ ಕುಸಿತವೇ ಆ ಕಾರಣ. ಹವಾಮಾನ ಇಲಾಖೆಯವರು ಅದನ್ನು ವೆಸ್ಟರ್ನ್ ಡಿಸ್ಟರ್ಬೆನ್ಸ್ ಎನ್ನುತ್ತಾರೆ. ಚಳಿಗಾಲದಲ್ಲಿ ತಿಂಗಳಿಗೆ ನಾಲ್ಕಾರು ಬರುತ್ತವೆ.

ಮುನ್ಸೂಚನೆ ಕೊಡುವವರು ದೂರದವರಲ್ಲ. ಶಿವಾಜಿನಗರದ ಸಿಮ್ಲಾ ಆಫೀಸ್ ಚೌಕವನ್ನು ನೀವೆಲ್ಲ ದಾಟಿದ್ದೀರಿ. ಹವಾಮಾನ ಇಲಾಖೆಯ ಮುಖ್ಯ ಕಚೇರಿ 1928ರಲ್ಲಿ ಶಿಮ್ಲಾದಿಂದ ಅಲ್ಲಿಗೆ ಬಂದದ್ದರಿಂದ ಆ ಹೆಸರು. ಮುಖ್ಯ ಕಚೇರಿ ಆಮೇಲೆ ದಿಲ್ಲಿಗೆ ಹೋದರೂ ಋತುಮಾನದ ಮುನ್ಸೂಚನೆಯ ಕೆಲಸ ಪುಣೆಯಲ್ಲೇ ಉಳಿಯಿತು.

ಆ ಮುನ್ಸೂಚನೆಯನ್ನು ಓದುವುದರಲ್ಲೇ ಹೆಚ್ಚಿನವರು ಎಡವುತ್ತಾರೆ. ಜನವರಿಯಿಂದ ಮಾರ್ಚ್‌ವರೆಗೆ ಉತ್ತರ ಭಾರತದ ದೀರ್ಘಕಾಲೀನ ಸರಾಸರಿ ಮಳೆ ಸುಮಾರು 184 ಮಿ.ಮೀ. ಅದರ ಶೇ 86ಕ್ಕಿಂತ ಕಡಿಮೆಯಾದರೆ ‘ವಾಡಿಕೆಗಿಂತ ಕಡಿಮೆ’, ಶೇ 114 ದಾಟಿದರೆ ‘ವಾಡಿಕೆಗಿಂತ ಹೆಚ್ಚು’. ಇಲ್ಲಿ ‘ಮಳೆ’ ಎಂದರೆ ಹಿಮವೂ ಸೇರಿತು, ಕರಗಿಸಿ ನೀರಾಗಿ ಅಳೆದದ್ದು. ಅಂದರೆ ಈ ಮುನ್ಸೂಚನೆ ಎಷ್ಟು ನೀರು ಎಂದು ಹೇಳುತ್ತದೆಯೇ ಹೊರತು ಯಾವ ರೂಪದಲ್ಲಿ ಎಂದು ಹೇಳುವುದಿಲ್ಲ. ಅಷ್ಟೇ ನೀರು ಬೆಚ್ಚಗಿನ ವರ್ಷದಲ್ಲಿ ಮಳೆಯಾಗಿ ಹರಿದುಹೋಗಬಹುದು, ತಣ್ಣಗಿನ ವರ್ಷದಲ್ಲಿ ಹಿಮವಾಗಿ ಏಪ್ರಿಲ್‌ವರೆಗೆ ಕೂರಬಹುದು. ಜೊತೆಗೆ ಅದು ಸಂಭವನೀಯತೆಯ ಮಾತು. ಕಡಿಮೆ, ವಾಡಿಕೆ, ಹೆಚ್ಚು ಎಂಬ ಮೂರಕ್ಕೂ ಸಮಪಾಲು ಹಂಚಿದರೆ ತಲಾ ಶೇ 33. ‘ಕಡಿಮೆಯಾಗುವ ಸಂಭವ ಶೇ 45’ ಎಂದಿದ್ದರೆ ಹಾಗೆ ಆಗದಿರುವ ಸಂಭವ ಶೇ 55 ಎಂದೇ ಅರ್ಥ. ಅದನ್ನು ಓದಿ ಪ್ರವಾಸ ರದ್ದು ಮಾಡುವುದು ದುಡುಕು.

ಪೆಸಿಫಿಕ್ ಸಾಗರದ ನೀರು ವಾಡಿಕೆಗಿಂತ ಬಿಸಿಯಾಗುವ ಎಲ್ ನಿನೋ, ತಣ್ಣಗಾಗುವ ಲಾ ನಿನಾ ಹೆಸರು ಕೇಳಿದ ಕೂಡಲೇ ತೀರ್ಮಾನಕ್ಕೆ ಬರುವುದೂ ಅಂಥದೇ. ಎಲ್ ನಿನೋ ಚಳಿಗಾಲದಲ್ಲಿ ವಾಯವ್ಯ ಭಾರತಕ್ಕೆ ಸಾಮಾನ್ಯವಾಗಿ ಮಳೆ-ಹಿಮ ಸ್ವಲ್ಪ ಹೆಚ್ಚು. ಆದರೆ ಬಲವಾದ ಎಲ್ ನಿನೋ ಇದ್ದ 2024ರ ಜನವರಿಯಲ್ಲಿ ಗುಲ್ಮಾರ್ಗಿನ ಇಳಿಜಾರುಗಳು ತಿಂಗಳ ಬಹುಭಾಗ ಬೋಳಾಗಿದ್ದವು. ಮರುವರ್ಷ ಪೆಸಿಫಿಕ್ ಲಾ ನಿನಾ ಕಡೆ ವಾಲಿತ್ತು. ಆಗಲೂ ಫೆಬ್ರವರಿಯಲ್ಲಿ ಹಿಮ ಸಾಲದೆ ಗುಲ್ಮಾರ್ಗಿನ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟವನ್ನು ಮುಂದೂಡಬೇಕಾಯಿತು. ತಿಂಗಳ ಕೊನೆಗೆ ಹಿಮ ಧಾರಾಳವಾಗಿ ಸುರಿಯಿತು, ಆಟಗಳು ಮಾರ್ಚ್‌ನಲ್ಲಿ ನಡೆದವು. ಜೆಟ್ ಸ್ಟ್ರೀಮ್ ಎರಡು ವಾರ ಉತ್ತರಕ್ಕೆ ಸರಿದು ನಿಂತರೂ ಸಾಕು, ಪೆಸಿಫಿಕ್ ಏನೇ ಹೇಳಲಿ, ಹಿಮಾಲಯ ಒಣಗುತ್ತದೆ.

ಹಾಗಾದರೆ ಹಿಮವೋ ಮಳೆಯೋ ಎಂಬುದು ತೀರ್ಮಾನವಾಗುವುದು ಎಲ್ಲಿ? ಮೋಡದ ಕೆಳಗಿನ ಕೆಲವು ನೂರು ಮೀಟರಿನಲ್ಲಿ. ಚಳಿಗಾಲದ ಮೋಡದೊಳಗೆ ಎತ್ತರದಲ್ಲಿ ಹುಟ್ಟುವುದು ಹೆಚ್ಚಾಗಿ ಹಿಮವೇ. ಕೆಳಗೆ ಬರುವಾಗ ತಾಪಮಾನ ಸೊನ್ನೆ ಡಿಗ್ರಿ ದಾಟುವ ಎತ್ತರಕ್ಕೆ ಫ್ರೀಜಿಂಗ್ ಲೆವೆಲ್ ಎನ್ನುತ್ತಾರೆ. ಅದನ್ನು ದಾಟಿದ ತಕ್ಷಣ ಹಿಮ ಕರಗುವುದಿಲ್ಲ, ಇನ್ನೂ 200–300 ಮೀಟರ್ ಇಳಿಯುತ್ತದೆ. ಈಗ ಲೆಕ್ಕ ಹಾಕಿ. ಫ್ರೀಜಿಂಗ್ ಲೆವೆಲ್ 2,500 ಮೀಟರ್ ಇದ್ದರೆ ಹಿಮದ ಗೆರೆ ಸುಮಾರು 2,200ಕ್ಕೆ. ಮನಾಲಿ 2,050 ಮೀಟರ್: ಮಳೆ. ಗುಲ್ಮಾರ್ಗ್ 2,650: ಹಿಮ. ಶಿಮ್ಲಾ ಸುಮಾರು 2,200: ನಿಖರವಾಗಿ ಗೆರೆಯ ಮೇಲೆ. ಶಿಮ್ಲಾದ ಮಾಲ್ ರೋಡಿನಲ್ಲಿ ಕೊಡೆ ಹಿಡಿದು ನಿಂತವರು ಇರುವಾಗಲೇ ಪಕ್ಕದಲ್ಲೇ ಇನ್ನೂ ಎತ್ತರದಲ್ಲಿರುವ ಕುಫ್ರಿ ಬೆಳ್ಳಗಾಗಿರುವುದು ಇದರಿಂದಲೇ. ಶ್ರೀನಗರಕ್ಕೆ, 1,585 ಮೀಟರಿಗೆ, ಇನ್ನಷ್ಟು ತಣ್ಣನೆಯ ಗಾಳಿ ಬೇಕು.

ಎತ್ತರದ ನಂತರ ನೋಡಬೇಕಾದದ್ದು ಗಾಳಿಯ ತೇವ. ಬರೀ ತಾಪಮಾನ ನೋಡಿದರೆ ಮೋಸ ಹೋಗುತ್ತೀರಿ, ನೋಡಬೇಕಾದದ್ದು ವೆಟ್ ಬಲ್ಬ್ ತಾಪಮಾನ, ಅಂದರೆ ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರ್ ತೋರಿಸುವ ಅಂಕಿ. ಗಾಳಿ 3 ಡಿಗ್ರಿ ಇದ್ದು ತೇವಾಂಶ ಶೇ 50 ಆದರೆ ವೆಟ್ ಬಲ್ಬ್ ಸೊನ್ನೆಗೂ ಕೆಳಗಿಳಿಯುತ್ತದೆ, ಹಿಮ ಬೀಳಬಹುದು. ಅದೇ 3 ಡಿಗ್ರಿಗೆ ತೇವಾಂಶ ಶೇ 95 ಆದರೆ ಮಳೆಯೇ. ವೆಟ್ ಬಲ್ಬ್ ಅರ್ಧ ಡಿಗ್ರಿಯ ಒಳಗಿದ್ದರೆ ಹಿಮ, ಎರಡು ದಾಟಿದರೆ ಮಳೆ, ನಡುವೆ ಎರಡೂ ಬೆರೆತ ಕೆಸರು ಎಂದು ಇಟ್ಟುಕೊಳ್ಳಿ.

ಮೂರನೆಯದು ಮಳೆಯ ಬಿರುಸು. ಇದನ್ನು ಯಾರೂ ಗಮನಿಸುವುದಿಲ್ಲ, ನಮಗಂತೂ ಇದೇ ಎಲ್ಲಕ್ಕಿಂತ ಸೊಗಸು. ಹಿಮ ಕರಗಲು ಶಾಖ ಬೇಕು, ಆ ಶಾಖವನ್ನು ಅದು ಸುತ್ತಲಿನ ಗಾಳಿಯಿಂದಲೇ ಕಸಿಯುತ್ತದೆ. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿ.ಮೀ. ನೀರಿನಷ್ಟು ಹಿಮ ಕರಗಿದರೆ 334 ಕಿಲೋಜೂಲ್ ಖರ್ಚು. ಅದರಿಂದ 300 ಮೀಟರ್ ದಪ್ಪದ ಗಾಳಿಯ ಪದರ ಒಂದು ಡಿಗ್ರಿಗಿಂತ ತುಸು ಹೆಚ್ಚೇ ತಣ್ಣಗಾಗುತ್ತದೆ. ಹಾಗಾಗಿ ಗಾಳಿ ಬೀಸದ ಕಣಿವೆಯಲ್ಲಿ ಜೋರು ಮಳೆ ಎರಡು ಮೂರು ಗಂಟೆ ಸುರಿದರೆ ತಾನೇ ಹಿಮವಾಗಿ ತಿರುಗುವುದುಂಟು. ಜಿನುಗು ಮಳೆ ಇಡೀ ದಿನ ಜಿನುಗಿದರೂ ತಿರುಗುವುದಿಲ್ಲ.

ಬಿದ್ದ ಹಿಮದ ದಪ್ಪಕ್ಕೆ ಸಾಮಾನ್ಯ ಲೆಕ್ಕ 10 ಮಿ.ಮೀ. ನೀರಿಗೆ 10 ಸೆಂ.ಮೀ. ಮನಾಲಿಯ ಒದ್ದೆ ಹಿಮ 5–7 ಸೆಂ.ಮೀ.ಗೆ ಕುಸಿದೀತು, ಗುಲ್ಮಾರ್ಗಿನ ಒಣ ಹಿಮ 15 ಆದೀತು. ಡಿಸೆಂಬರ್ 21ಕ್ಕೆ ಶುರುವಾಗುವ ಕಾಶ್ಮೀರದ 40 ದಿನಗಳ ‘ಚಿಲ್ಲೈ ಕಲಾನ್’ ಕೊರೆಚಳಿಯಲ್ಲಿ ಬಿದ್ದ ಹಿಮವೇ ನಿಲ್ಲುವ ಹಿಮ. ಮಾರ್ಚ್‌ನಲ್ಲಿ ಅಷ್ಟೇ ಬಿದ್ದರೂ ಬಿಸಿಲಿಗೆ ಬೇಗ ಕರಗಿ ಹೊಳೆ ಸೇರುತ್ತದೆ, ಬೇಸಿಗೆಗೆ ಉಳಿಯುವುದಿಲ್ಲ.

ಮೊಬೈಲ್ ಆ್ಯಪ್ ಯಾಕೆ ತಪ್ಪುತ್ತದೆ? ಅದರ ಹಿಂದಿನ ಮಾದರಿ ನೆಲವನ್ನು ಚೌಕಗಳಾಗಿ ಕತ್ತರಿಸಿ ಪ್ರತಿ ಚೌಕಕ್ಕೂ ಒಂದೇ ಎತ್ತರ ಇಟ್ಟುಕೊಳ್ಳುತ್ತದೆ. ಪಾಷಾಣದ ಉಷ್ಣವಲಯ ಹವಾಮಾನ ಸಂಸ್ಥೆ ರೂಪಿಸಿ 2025ರಲ್ಲಿ ಬಳಕೆಗೆ ಬಂದ ಭಾರತ್ ಫೋರ್‌ಕಾಸ್ಟ್ ಸಿಸ್ಟಮ್‌ನಲ್ಲೂ ಚೌಕ 6 ಕಿ.ಮೀ.ನದು. ಮನಾಲಿಯಲ್ಲಿ 6 ಕಿ.ಮೀ. ಒಳಗೆ ಸಾವಿರ ಮೀಟರ್ ಏರಿಳಿತ ಇದೆ. ಆ್ಯಪ್ ಯಾವ ಎತ್ತರದ ಅಂಕಿ ಕೊಡುತ್ತಿದೆ ಎಂದು ಮೊದಲು ನೋಡಿ. ಅದು 3,000 ಮೀಟರಿಗೆ −3 ಎಂದಿದ್ದರೆ, ಸಾವಿರ ಮೀಟರಿಗೆ 6.5 ಡಿಗ್ರಿಯಂತೆ, ಮನಾಲಿ ಪೇಟೆಯಲ್ಲಿ ಸುಮಾರು 3 ಡಿಗ್ರಿ.

ನಮ್ಮ ಕಡೆಗೆ ಬರೋಣ. ಅದೇ ಕುಸಿತದ ಬಾಲ ದಕ್ಷಿಣಕ್ಕೆ ಚಾಚಿ ಅರಬ್ಬೀ ಸಮುದ್ರದ ತೇವವನ್ನು ಸೆಳೆದರೆ ಮಹಾರಾಷ್ಟ್ರಕ್ಕೆ ಅವಕಾಳಿ. 2021ರ ಡಿಸೆಂಬರ್ ಮೊದಲ ದಿನಗಳಲ್ಲಿ ಹಾಗಾಯಿತು. ಮಳೆಯ ಜೊತೆ ಚಳಿಯೂ ಸೇರಿ ಪುಣೆ ಜಿಲ್ಲೆಯ ಜುನ್ನರ, ಶಿರೂರು ಕಡೆ ಕುರಿಗಳು ಸತ್ತವು. ಅಕ್ಟೋಬರ್ ಛಾಟಣಿ (ಬಳ್ಳಿ ಸವರುವುದು) ಆದ ದ್ರಾಕ್ಷಿಗೆ ಹೂ ಬಿಡುವಾಗ ಇಂಥ ಮಳೆ ಬಂದರೆ ಎಲೆಯ ಮೇಲಿನ ನೀರಿನ ಪದರದಲ್ಲಿ ಡೌನಿ ಎಂಬ ಬೂಜು ರೋಗ ಹಬ್ಬುತ್ತದೆ, ಹಣ್ಣಾಗುವಾಗ ಬಂದರೆ ಕಾಯಿ ಬಿರಿಯುತ್ತದೆ. ಹಿಮಾಲಯಕ್ಕೆ ಬಲವಾದ ಡಿಸ್ಟರ್ಬೆನ್ಸ್ ಬರುತ್ತಿದೆ ಎಂಬ ಸುದ್ದಿ ಬಂದಾಗ ತೋಟದವರೂ ಕಿವಿಗೊಡಬೇಕು, ಔಷಧಿ ಸಿಂಪಡಣೆಗೆ ಎರಡು ಮೂರು ದಿನ ಸಿಗುತ್ತದೆ. ಇನ್ನು ಮಹಾಬಳೇಶ್ವರದ ವೆಣ್ಣಾ ಕೆರೆಯ ದಂಡೆಯಲ್ಲಿ ‘ಹಿಮ ಬಿತ್ತು’ ಎಂದು ಫೋಟೊ ಹಂಚುತ್ತಾರಲ್ಲ, ಅದು ಹೆಪ್ಪುಗಟ್ಟಿದ ಇಬ್ಬನಿ. ಮೋಡವಿಲ್ಲದ, ಗಾಳಿಯಾಡದ ರಾತ್ರಿ ನೆಲ ಶಾಖ ಕಳೆದುಕೊಂಡು ಆಗುವಂಥದ್ದು. ಹಿಮ ಬೀಳಲು ಮೋಡ ಬೇಕು, ಇದಕ್ಕೆ ಮೋಡ ಇರಬಾರದು.

ಪ್ರವಾಸದವರಿಗೆ ಕಡೆಯದಾಗಿ. ರೈಲು ಟಿಕೆಟ್ 60 ದಿನ ಮುಂಚೆ ಕಾಯ್ದಿರಿಸುತ್ತೇವೆ, ಹಿಮವೋ ಮಳೆಯೋ ಎಂದು ನಂಬುವಂತೆ ತಿಳಿಯುವುದು ನಾಲ್ಕೈದು ದಿನ ಮುಂಚೆ. ಆದ್ದರಿಂದ ತಾರೀಖು ಹುಡುಕಬೇಡಿ, ಎತ್ತರ ಹುಡುಕಿ. ಮನಾಲಿಯಲ್ಲಿ ತಂಗಿದರೆ ಸೋಲಂಗ್ ಸುಮಾರು 500 ಮೀಟರ್ ಮೇಲಿದೆ, ಅಟಲ್ ಸುರಂಗದ ಆಚೆಯ ಸಿಸ್ಸು 3,100 ಮೀಟರಿನ ಆಸುಪಾಸು. ಕೆಳಗೆ ಮಳೆಯಾದರೆ ಮೇಲಕ್ಕೆ ಹೋಗಬಹುದು. ಆದರೆ ಹಿಮ ಬೀಳುತ್ತಿರುವಾಗ ಸುರಂಗದ ದಾರಿಯನ್ನು ಪೊಲೀಸರು ಮುಚ್ಚುವುದುಂಟು, ಮರುದಿನ ಬೆಳಿಗ್ಗೆ ರಸ್ತೆಯ ಮೇಲೆ ಕಣ್ಣಿಗೆ ಕಾಣದ ಐಸ್ ಪದರ ಇರುತ್ತದೆ. ಬಿಸಿಲೇರಿದ ಮೇಲೆ, ಚಕ್ರಕ್ಕೆ ಸರಪಳಿ ಕಟ್ಟಿದ ಸ್ಥಳೀಯ ಗಾಡಿಯಲ್ಲೇ ಹೊರಡಿ, ವಾಪಸ್ ಟಿಕೆಟ್ಟಿಗೆ ಒಂದು ದಿನ ಹೆಚ್ಚು ಇಟ್ಟುಕೊಳ್ಳಿ.